ನಮ್ಮ ತೊಗರಿ, ಮೊಜಾಂಬಿಕ್ ತೊಗರಿ, ನಡುವ ದಿಲ್ಲಿ

ಬೆಂಗಳೂರಾಗ ಮೊಜಾಂಬಿಕ್ ಅಂದ್ರ ಅದು ಎಲ್ಲದ ಅಂತ ಫೋನ್ ತೆಗೆದು ನೋಡ್ತಾರ, ಕಲಬುರಗಿ ಕಾಳಿನ ಪ್ಯಾಟಿ ನೆಹರು ಗಂಜ್‌ನಾಗ ಚೀಲ ಹೊರೋ ಹಮಾಲ್ರಿಗೂ ಆ ಹೆಸರು ಗೊತ್ತದ. ಸುಳ್ಳಲ್ರಿ. ದೀಪಾವಳಿ ಮುಗೀತಂದ್ರ ಅಡತಿ (ದಲಾಲಿ) ಅಂಗಡಿ ಕಟ್ಟಿ ಮ್ಯಾಲ ಕುಂತವ್ರ ಮಾತೆಲ್ಲ ಅದೇ, ಹಡಗು ಎಷ್ಟು ಬಂದಾವಂತ, ಮುಂಬೈದಾಗ ಗಜರಿ ಏನ್ ರೇಟ್ ನಡದದಂತ, ಅರುಷಾ ಎಷ್ಟಂತ, ಲೆಮನ್ ಎಷ್ಟಂತ. ಗಜರಿ ಅಂದ್ರ ಆಫ್ರಿಕಾದ ಮೊಜಾಂಬಿಕ್ ಕಡಿದು, ಅರುಷಾ ತಾಂಜಾನಿಯಾದ್ದು, ಲೆಮನ್ ಬರ್ಮಾದ್ದು. ಹೆಸರು ಏನೇ ಇರ್ಲಿ, ಎಲ್ಲಾ ತೊಗರಿನೇ.

ನಮ್ಮ ಕಾಕಾ ಗಂಜ್‌ನಾಗ ಒಂದು ಅಡತಿ ಅಂಗಡ್ಯಾಗ ಮುನೀಮಕಿ ಮಾಡ್ಕೋತ ಬಂದವ್ರು, ಆಳಂದ ರೋಡ್ ಕಡಿ ಹೊಲಾನೂ ಅದ, ಹಂಗಾಗಿ ಬೆಳೆಯೋರ ಕಷ್ಟನೂ ಗೊತ್ತು ಕೊಳ್ಳೋರ ಲೆಕ್ಕನೂ ಗೊತ್ತು. ಕಾಳು ಒಣಗ್ಯದೋ ಇಲ್ಲೋ ಅಂತ ಒಂದು ಕಾಳು ಹಲ್ಲಾಗ ಕಡದು ಹೇಳ್ತಾರ, ಮಶೀನ್ ಆಮ್ಯಾಲ. ಒಂದ್ಸಲ ದಾಲ್ ಮಿಲ್‌ನಾಗ ಹೊರದೇಶದ ಮಾಲಿನ ಚೀಲ ಬಿಚ್ಚಿದ್ರು, ಕಾಕಾ ಒಂದು ಕೈಯಾಗ ಅದನ್ನ ಒಂದು ಮುಷ್ಟಿ, ಇನ್ನೊಂದು ಕೈಯಾಗ ನಮ್ಮ ಕಡಿ ಬೆಳೆಯೋ ಟಿಎಸ್-3ಆರ್ ತಳಿ ತೊಗರಿ ಒಂದು ಮುಷ್ಟಿ ಹಿಡಿದು ನನ್ನ ಮಾರಿ ಮುಂದ ತಂದ್ರು. ನಮ್ದು ದುಂಡಗ, ಕೆಂಪಗ ಮಿಂಚ್ತಿತ್ತು, ಅದು ಸಣ್ಣಂದು, ಮಬ್ಬು ಬಣ್ಣ, ನಡುನಡುವ ಬ್ಯಾರೆ ಬ್ಯಾರೆ ಜಾತಿ ಕಾಳು ಕಲ್ತಿದ್ವು. "ಈಗ ಗೊತ್ತಾಗ್ತದ ತಮ್ಮಾ, ಒಡದು ಬ್ಯಾಳಿ ಮಾಡಿ ಪಾಲಿಶ್ ಹೊಡದ ಮ್ಯಾಲ ನಿಮ್ಮ ಬೆಂಗಳೂರಿನವ್ರಿಗೆ ಏನ್ ತಿಳೀತದ" ಅಂದ್ರು. ಕುಕ್ಕರ್‌ನಾಗ ಇಟ್ರ ತಿಳೀತದ ಅಂತಾಳ ನಮ್ಮವ್ವ, ಅದು ಬ್ಯಾರೆ ಮಾತು. 2019ರಾಗ ನಮ್ಮ ಬ್ಯಾಳಿಗೆ ಜಿಐ ಟ್ಯಾಗೂ (ಇದು ಇಂಥಾ ಊರಿಂದೇ ಮಾಲು ಅನ್ನೋ ಸರಕಾರಿ ಗುರುತು) ಸಿಕ್ಕದ, 'ಗುಲಬರ್ಗಾ ತೂರ್ ದಾಲ್' ಅಂತ ಹಳೇ ಹೆಸರಿನ್ಯಾಗೇ, ಆದ್ರ ಟ್ಯಾಗ್ ನೋಡಿ ಜಾಸ್ತಿ ರೊಕ್ಕ ಕೊಡೋ ಗಿರಾಕಿ ನಾ ಅಂತೂ ಇನ್ನಾ ನೋಡಿಲ್ಲ.

ಆಫ್ರಿಕಾ ಮಾಲ್ ಅಂದ್ರ ನಮ್ಮ ಕಡಿ ಸಿಟ್ಟು ಭಾಳ ಅದ, ಪೇಪರ್‌ನಾಗ ಆಮದು ಅಂತ ಬಂದ ಕೂಡ್ಲೆ ಮಂದಿ ಆ ದೇಶಕ್ಕೇ ಬೈಲಿಕ್ಕೆ ಶುರು ಮಾಡ್ತಾರ. ಆ ದೇಶಕ್ಕೂ ನಮ್ಮ ದೇಶಕ್ಕೂ ಸಂಬಂಧ ಎಲ್ಲಿಂದ ಶುರು ಆಯ್ತು ಅಂತ ಓದ್ಕೋತ ಹೋದ್ರ ಬೈಯೋ ಬಾಯಿ ಅರ್ಧ ಮುಚ್ತದ, ಇನ್ನರ್ಧ ದಿಲ್ಲಿ ಕಡಿ ತಿರುಗ್ತದ. ಅದನ್ನೇ ಇಲ್ಲಿ ಬರೀಲಿಕತ್ತೀನಿ.

ಆಫ್ರಿಕಾ ನಮ್ಮ ಭಾಗಕ್ಕ ಹೊಸದೇನಲ್ಲ, ಬೀದರಿಗೆ ಹೋದವ್ರು ಹಬಶಿ ಕೋಟ ನೋಡೇ ಇರ್ತೀರಿ, ಬಹಮನಿ ಕಾಲದಾಗ ಅಬಿಸೀನಿಯಾದಿಂದ (ಈಗಿನ ಇಥಿಯೋಪಿಯಾ ಕಡಿಯಿಂದ) ಬಂದು ಸರದಾರರಾದವ್ರ ಗೋರಿ ಅಲ್ಲಿ ಅವ. ಮೊಜಾಂಬಿಕ್ ಕಥಿ ಮಾತ್ರ ಗೋವಾ ಹಾದಿಲೆ ಬಂದದ. ವಾಸ್ಕೋ ಡ ಗಾಮಾ 1498ರಾಗ ಇಲ್ಲಿಗೆ ಬರೋ ದಾರ್‍ಯಾಗ ಮೊಜಾಂಬಿಕ್ ದ್ವೀಪದಾಗ ಲಂಗರು ಹಾಕಿದ್ದ, ಆಮ್ಯಾಲ ಪೋರ್ಚುಗೀಸ್ರು ಎರಡೂ ಕಡಿ ಕುಂತ್ರು, ಮಜಾ ಅಂದ್ರ 1752ರ ತನಕ ಮೊಜಾಂಬಿಕ್‌ನ ಆಡಳಿತ ನಡೀತಿದ್ದಿದ್ದು ಗೋವಾದ ವೈಸರಾಯ್ ಕೈ ಕೆಳಗ. ಅಂದ್ರ ಆಫ್ರಿಕಾದ ಒಂದು ದಂಡಿಯ ಫೈಲು ಗೋವಾದ ಮಾಂಡೋವಿ ನದಿ ದಂಡಿ ಮ್ಯಾಲ ಸಹಿ ಆಗ್ತಿತ್ತು! ಪೋರ್ಚುಗೀಸ್ರ ಕೈಯಾಗಿದ್ದ ದೀವ್ ಊರಿನ ಗುಜರಾತಿ ವ್ಯಾಪಾರಿಗಳಿಗೆ 1686ರಾಗ ಆ ಕಡಿಗೆ ವ್ಯಾಪಾರ ಮಾಡೋ ಗುತ್ತಿಗಿನೂ ಸಿಕ್ಕಿತ್ತು, ಇಲ್ಲಿಂದ ಬಟ್ಟಿ ಹೋಗ್ತಿತ್ತು, ಅಲ್ಲಿಂದ ಆನಿ ದಂತ ಬರ್ತಿತ್ತು, ಗುಲಾಮರ ವ್ಯಾಪಾರನೂ ಅದೇ ದಾರ್‍ಯಾಗ ನಡೀತಿತ್ತು, ಅದನ್ನ ಮರೆಮಾಚೋದು ಬ್ಯಾಡ. ಆಮ್ಯಾಲ ಗೋವಾದವ್ರು ಕಾರಕೂನ್ರಾಗಿ, ಡಾಕ್ಟ್ರಾಗಿ, ಮಾಸ್ತರ್ರಾಗಿ ಹೋಗಿ ಅಲ್ಲೇ ಮನಿ ಮಾಡಿದ್ರು.

1961ರ ಡಿಸೆಂಬರ್‌ನಾಗ ನಮ್ಮ ಮಿಲಿಟರಿ ಗೋವಾಕ್ಕ ನುಗ್ತು, ಎರಡು ದಿನದಾಗ ಕೆಲಸ ಮುಗೀತು, ಶಾಲ್ಯಾಗ ನಮಗ ಇಷ್ಟೇ ಹೇಳಿಕೊಟ್ಟಾರ. ಅದರ ಬಿಸಿ ಯಾರಿಗೆ ತಟ್ಟಿತು ಅಂತ ಪುಸ್ತಕದಾಗ ಇರಲಿಲ್ಲ. ಪೋರ್ಚುಗಲ್‌ನ ಸಲಾಜಾರ್ ಸರಕಾರ ಸಿಟ್ಟು ತೀರಿಸ್ಕೊಂಡಿದ್ದು ಮೊಜಾಂಬಿಕ್‌ನಾಗ ಅಂಗಡಿ ಇಟ್ಕೊಂಡು ಕುಂತಿದ್ದ ಭಾರತದ ಪಾಸ್‌ಪೋರ್ಟಿನ ಮಂದಿ ಮ್ಯಾಲ, ಅವ್ರನ್ನ ಹಿಡಿದು ಕ್ಯಾಂಪ್‌ನಾಗ ಹಾಕಿದ್ರು, ಅಂಗಡಿ ಮನಿ ರೊಕ್ಕ ಜಪ್ತಿ ಮಾಡಿದ್ರು, ಆಮ್ಯಾಲ ದೇಶ ಬಿಟ್ಟು ಓಡಿಸಿದ್ರು. ದಿಲ್ಲ್ಯಾಗ ಒಂದು ನಿರ್ಧಾರ ಆಗ್ತದ, ಸಮುದ್ರದ ಆಚಿ ದಂಡಿ ಮ್ಯಾಲ ಕಿರಾಣಿ ಅಂಗಡಿಯವ ಅದರ ಬಿಲ್ ಕಟ್ತಾನ. ಗೋವಾ ಬಿಡಿಸಿದ್ದು ತಪ್ಪಂತ ನಾ ಹೇಳಲಿಕತ್ತಿಲ್ಲ, ಬಿಲ್ ಯಾರು ಕಟ್ಟಿದ್ರು ಅಂತ ಅಷ್ಟೇ.

ಅದಾಗಿ ಮುಂದಿನ ವರ್ಷ, 1962ರಾಗ, ಈಗಿನ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಾಗ ಫ್ರೆಲಿಮೋ ಅನ್ನೋ ಸಂಘಟನೆ ಹುಟ್ತು, ಮೊಜಾಂಬಿಕ್ ಸ್ವಾತಂತ್ರ್ಯಕ್ಕ ಬಂದೂಕು ಹಿಡಿದವ್ರು ಇವ್ರೇ. ಇವ್ರ ಮೊದಲ ನಾಯಕ ಎಡುವಾರ್ಡೊ ಮೊಂಡ್ಲಾನೆನ 1969ರಾಗ ಪಾರ್ಸೆಲ್ ಬಾಂಬ್ ಕಳಿಸಿ ಕೊಂದ್ರು, ಆಮ್ಯಾಲ ಸಮೋರಾ ಮಶೆಲ್ ಬಂದ್ರು. ಈ ಗುಂಪಿನ್ಯಾಗ ಗೋವಾದಾಗ ಹುಟ್ಟಿದ ಒಬ್ಬ ಮನಷ್ಯಾನೂ ಇದ್ದ, ಅಕೀನೊ ಡಿ ಬ್ರಗಾಂಸಾ ಅಂತ, ಬರಹಗಾರ, ಮಶೆಲ್‌ಗೆ ಭಾಳ ಹತ್ತಿರದ ಸಲಹೆಗಾರ. ನಮ್ಮ ಕಡಿ ಇವರ ಹೆಸರು ಯಾರಿಗೂ ಗೊತ್ತಿಲ್ಲ, ನನಗಂತೂ ಆಶ್ಚರ್ಯ ಅನಸ್ತದ, ಗೋವಾದಿಂದ ಹೋಗಿ ಇನ್ನೊಂದು ದೇಶದ ಸ್ವಾತಂತ್ರ್ಯಕ್ಕ ದುಡಿದವ್ರು, ನಮ್ಮ ಗಡಿ ದಾಟಿದ್ರ ಸಿಗೋ ಊರಿನವ್ರು. 1986ರ ಅಕ್ಟೋಬರ್‌ನಾಗ ಮಶೆಲ್ ಅವರ ವಿಮಾನ ದಕ್ಷಿಣ ಆಫ್ರಿಕಾದ ಎಂಬುಜೀನಿ ಗುಡ್ಡಕ್ಕ ಬಡೀತಲ್ಲ, ಅದೇ ವಿಮಾನದಾಗ ಇವರೂ ತೀರ್ಕೊಂಡ್ರು.

ಇನ್ನೊಂದು ಮಾತು ಕೇಳ್ರಿ. 1974ರ ಏಪ್ರಿಲ್ 25ಕ್ಕ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಾಗ ಮಿಲಿಟರಿ ಹುಡುಗ್ರು ಸರ್ವಾಧಿಕಾರ ಕೆಡವಿದ್ರು, ಆ ಒಂದು ಘಟನೆ ನಮಗೂ ಅವ್ರಿಗೂ ಎರಡೂ ಕಡಿ ಬಾಗ್ಲ ತೆಗೀತು, ಅದೇ ವರ್ಷ ಸೆಪ್ಟೆಂಬರ್‌ನಾಗ ಜಾಂಬಿಯಾದ ಲುಸಾಕಾದಾಗ ಮೊಜಾಂಬಿಕ್‌ಗೆ ಸ್ವಾತಂತ್ರ್ಯ ಕೊಡೋ ಒಪ್ಪಂದ ಆಯ್ತು, ಡಿಸೆಂಬರ್ 31ಕ್ಕ ಗೋವಾ ಭಾರತದ್ದೇ ಅಂತ ಪೋರ್ಚುಗಲ್ ಸಹಿ ಹಾಕ್ತು. 1975ರ ಜೂನ್ 25ಕ್ಕ ಮೊಜಾಂಬಿಕ್ ಸ್ವತಂತ್ರ ಆಯ್ತು, ಇಲ್ಲಿ ಅದೇ ದಿನ ರಾತ್ರಿ ಎಮರ್ಜೆನ್ಸಿ ಹೇರಿದ್ರು, ಇತಿಹಾಸಕ್ಕೂ ಒಂದೊಂದ್ಸಲ ಚೇಷ್ಟಿ ಇರ್ತದ. ಆ ವರ್ಷನೇ ಎರಡೂ ದೇಶದ ರಾಜತಾಂತ್ರಿಕ ಸಂಬಂಧ ಶುರು ಆಯ್ತು. 1982ರಾಗ ಅಲ್ಲಿನ ಅಧ್ಯಕ್ಷ ಆಗಿದ್ದ ಮಶೆಲ್ ದಿಲ್ಲಿಗೆ ಬಂದ್ರು, ಇಂದಿರಾ ಗಾಂಧಿ ಮೊಜಾಂಬಿಕ್ ರಾಜಧಾನಿ ಮಪುಟೋಕ್ಕ ಹೋದ್ರು. ಆಗ ಮಾತೆಲ್ಲ ವರ್ಣಭೇದ, ಅಲಿಪ್ತ ಚಳವಳಿ, ದಕ್ಷಿಣ ಆಫ್ರಿಕಾದ ಬಿಳಿ ಸರಕಾರ, ತೊಗರಿ ಮಾತು ಎಲ್ಲಿಂದ ಬರಬೇಕು. ಮೊಜಾಂಬಿಕ್ ಒಳಗ 1977ರಿಂದ 1992ರ ತನಕ ಅಂತರ್ಯುದ್ಧ, ಹೊಲದಾಗ ಬಿತ್ತೋದು ಬಿಡ್ರಿ ನಡೀಲಿಕ್ಕೂ ಆಗ್ದಂಗ ನೆಲಬಾಂಬು ಹುಗಿದಿದ್ರು. ಯುದ್ಧ ಮುಗಿದ ಮ್ಯಾಲ ವಿಶ್ವಸಂಸ್ಥೆ ಶಾಂತಿಪಡಿ ಹೋಯ್ತಲ್ಲ, ಅದರಾಗ ನಮ್ಮ ಸೈನಿಕರೂ ಇದ್ರು. (ಬ್ರಿಟಿಷ್ರು ಆಳದೇ ಇದ್ರೂ 1995ರಾಗ ಮೊಜಾಂಬಿಕ್ ಕಾಮನ್‌ವೆಲ್ತ್ ಸೇರ್ಕೊಂಡದ, ಹಂಗಾಗಿ ಮಪುಟೋದಾಗ ಇರೋ ನಮ್ಮ ಕಚೇರಿಗೆ ಎಂಬೆಸಿ ಅನ್ನಂಗಿಲ್ಲ, ಹೈ ಕಮಿಷನ್ ಅನ್ನಬೇಕು. ಕ್ವಿಜ್‌ಗೆ ಉಪಯೋಗ ಆಗ್ತದ.)

ತೊಗರಿಕಿಂತ ಮೊದಲು ಗೋಡಂಬಿ ಕಥಿ ಒಂದು ಹೇಳ್ಬೇಕು, ಯಾಕಂದ್ರ ಮುಂದ ನಮಗ ಆಗಿದ್ದು ಅಲ್ಲಿ ಮೊದಲೇ ಆಗಿತ್ತು. ಮೊಜಾಂಬಿಕ್ ಒಂದು ಕಾಲಕ್ಕ ಜಗತ್ತಿನ್ಯಾಗ ಗೋಡಂಬಿ ಬೆಳೆಯೋದ್ರಾಗ ಎಲ್ಲಾರಕಿಂತ ಮುಂದಿತ್ತು, ಹಸಿ ಬೀಜ ಹಡಗಿನ್ಯಾಗ ಕೊಲ್ಲಂ, ಮಂಗಳೂರಿನ ಕಡಿ ಬರ್ತಿತ್ತು, ಇಲ್ಲಿ ಹೆಣ್ಮಕ್ಕಳು ಕುಂತು ಸುಲೀತಿದ್ರು. ಸ್ವಾತಂತ್ರ್ಯ ಬಂದ ಮ್ಯಾಲ ಅವ್ರು ನಮ್ಮ ಬೀಜ ನಾವೇ ಸುಲಿಯೋಣು ಅಂತ ಹಸಿ ಬೀಜದ ರಫ್ತಿಗೆ ತಡಿ ಹಾಕಿದ್ರು, ತಮ್ಮ ಫ್ಯಾಕ್ಟರಿ ನಡಸಿದ್ರು. 1990ರ ದಶಕದಾಗ ವಿಶ್ವಬ್ಯಾಂಕ್ ಸಾಲ ಕೊಡಬೇಕಂದ್ರ ಆ ತಡಿ ತೆಗೀರಿ, ರಫ್ತು ತೆರಿಗಿ ಇಳಸ್ರಿ, ರೈತರಿಗೆ ಒಳ್ಳೆ ರೇಟ್ ಬರ್ತದ ಅಂತ ಕುಂತ್ತು. ಇಳಸಿದ್ರು. ಬೀಜ ಮತ್ತ ಭಾರತಕ್ಕ ಹೊಂಟ್ತು, ಅಲ್ಲಿನ ಫ್ಯಾಕ್ಟರಿ ಒಂದೊಂದಾಗಿ ಬಾಗ್ಲ ಹಾಕಿದ್ವು, ಸಾವಿರಾರು ಮಂದಿ ಕೆಲಸ ಹೋಯ್ತು, ರೈತನ ಕೈಗೆ ಬಂದಿದ್ದು ಮಾತ್ರ ಪುಡಿಗಾಸು. ಆಗ ಅಲ್ಲಿಯವ್ರು ನಮಗ ಎಷ್ಟು ಬೈದಿರ್ಬೇಕು, ಇವತ್ತು ನಾವು ಗಂಜ್‌ನಾಗ ಕುಂತು ಅವ್ರಿಗೆ ಬೈಯ್ತೀವಲ್ಲ, ಹಂಗೇ.

ಇನ್ನ ತೊಗರಿ. 2015ರ ಕೊನಿಗೆ ತೊಗರಿಬ್ಯಾಳಿ ಕಿಲೋಕ್ಕ 200 ರೂಪಾಯಿ ಮುಟ್ತು, ನೆನಪದಲ್ಲ? ಎರಡು ವರ್ಷ ಸರಿಯಾಗಿ ಮಳಿ ಇಲ್ಲ, ಟಿವಿದಾಗ ಬೆಳಗಿಂದ ಸಂಜೀ ತನಕ ಬ್ಯಾಳಿ ಬ್ಯಾಳಿ. ಸರಕಾರಕ್ಕ ಗಾಬರಿ ಆಯ್ತು. 2016ರ ಜುಲೈನಾಗ ಪ್ರಧಾನಿ ಮೋದಿ ಮಪುಟೋಕ್ಕ ಹೋದ್ರು, 34 ವರ್ಷದ ಮ್ಯಾಲ ಹೋದ ಮೊದಲ ಭಾರತದ ಪ್ರಧಾನಿ, ಅಲ್ಲಿ ಬ್ಯಾಳಿಕಾಳಿನ ಒಪ್ಪಂದ ಆಯ್ತು. ಮೊದಲ ವರ್ಷ 1 ಲಕ್ಷ ಟನ್, ವರ್ಷ ವರ್ಷ ಏರಿಸ್ಕೋತ 2020-21ಕ್ಕ 2 ಲಕ್ಷ ಟನ್, ತೊಗರಿ ಮತ್ತ ಬ್ಯಾರೆ ಕಾಳು ನಾವು ತೊಗೊಂತೀವಿ ಅಂತ ಮಾತು ಕೊಟ್ವಿ. ಅದಕ್ಕಿಂತ ಮೊದಲೇ, 2008ರಿಂದ, ಭಾಳ ಬಡ ದೇಶಗಳ ಮಾಲಿಗೆ ಸುಂಕ ಇಲ್ಲ ಅನ್ನೋ ಯೋಜನೆ ಒಂದಿತ್ತು, ಮೊಜಾಂಬಿಕ್‌ನೂ ಅದರಾಗ ಬರ್ತದ. ಪ್ರೀತಿಗೆ ಮಾಡಿದ ಒಪ್ಪಂದ ಅಂತ ತಿಳ್ಕೋಬ್ಯಾಡ್ರಿ. ಅಲ್ಲಿ ರೊವುಮಾ ಕಡಿ ಸಮುದ್ರದಾಗ ಸಿಕ್ಕ ಗ್ಯಾಸ್ ಬ್ಲಾಕ್‌ನಾಗ ನಮ್ಮ ಸರಕಾರಿ ತೈಲ ಕಂಪನಿಗಳದ್ದು ಕೂಡಿ 30 ಪರ್ಸೆಂಟ್ ಪಾಲದ, ಟೇಟೆ ಪ್ರಾಂತ್ಯದಾಗ ಕಲ್ಲಿದ್ದಲು ಗಣಿ ಅವ, ಸಮುದ್ರ ಕಾವಲು ಅಂತ ನಮ್ಮ ನೌಕಾಪಡಿ 2003ರಿಂದ ಹೋಗ್ಕೋತ ಬರ್ಕೋತ ಅದ, 2019ರಾಗ ಇದಾಯ್ ಚಂಡಮಾರುತ ಅಲ್ಲಿನ ಬೇರಾ ಅನ್ನೋ ಊರನ್ನ ಕೊಚ್ಚಿಹಾಕಿದಾಗ ಎಲ್ಲಾರಕಿಂತ ಮೊದಲು ಮುಟ್ಟಿದ್ದು ನಮ್ಮ ಹಡಗುಗಳೇ. ಗ್ಯಾಸು, ಕಲ್ಲಿದ್ದಲು, ಹಡಗು, ಈ ದೊಡ್ಡ ಗಂಟಿನ್ಯಾಗ ತೊಗರಿ ಒಂದು ಸಣ್ಣ ಪುಡಿಕಿ, ಆದ್ರ ಆ ಪುಡಿಕಿ ಬಿಚ್ಚೋದು ನಮ್ಮ ಅಂಗಳದಾಗ.

ಒಪ್ಪಂದಕ್ಕ ಸಹಿ ಹಾಕಿದ ವರ್ಷನೇ ಮಳಿ ಛಲೋ ಆಯ್ತು. 200 ರೂಪಾಯಿ ನೋಡಿದ ಎಲ್ಲಾರೂ ತೊಗರಿ ಬಿತ್ತಿದ್ರು, ಹೆಸರು ಉದ್ದು ಬಿತ್ತೋರೂ ತೊಗರಿನೇ ಬಿತ್ತಿದ್ರು. ದೇಶದ ಉತ್ಪಾದನೆ 2015-16ರಾಗ 25 ಲಕ್ಷ ಟನ್ ಚಿಲ್ಲರೆ ಇದ್ದಿದ್ದು 2016-17ಕ್ಕ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಬೋನಸ್ ಕೂಡಿ ಕ್ವಿಂಟಲ್‌ಗೆ 5050 ರೂಪಾಯಿ, ಗಂಜ್‌ನಾಗ ಅದಕ್ಕಿಂತ ಕೆಳಗ. ಖರೀದಿ ಕೇಂದ್ರದ ಮುಂದ ಟ್ರ್ಯಾಕ್ಟರ್ ಸಾಲು, ರಾತ್ರಿ ಚೀಲದ ಮ್ಯಾಲೇ ಮಂದಿ ಮಕ್ಕೋತಿದ್ರು, ನಮ್ಮ ಪಾಳಿ ಬಂದಾಗ ಗೋಣಿಚೀಲ ಮುಗದಾವ ನಾಳಿ ಬರ್ರಿ, ನಾಳಿ ಹೋದ್ರ ತೇವಾಂಶ 12 ಪರ್ಸೆಂಟ್ ಮ್ಯಾಲ ಅದ ಒಣಗಿಸ್ಕೊಂಡು ಬರ್ರಿ. ಕಾಕಾ ಕಾಳು ಕಡದು "ಇದು ಒಣಗಿಲ್ಲಂದ್ರ ಯಾವುದು ಒಣಗ್ಯದ ಹೇಳ್ರಿ ಸಾಹೇಬ್ರ" ಅಂದ್ರ ಅವ ಮಶೀನ್ ತೋರಿಸಿ ಸುಮ್ಮನ ಕುಂತ. ಕಡಿಗೆ ಅರ್ಧ ಮಾಲ್ ಅಲ್ಲಿ ಕೊಟ್ವಿ, ಅರ್ಧ ಅಡತಿಗೇ ಸಿಕ್ಕ ರೇಟಿಗೆ ಹಾಕಿ ಬಂದ್ವಿ. ಆ ವರ್ಷ ಮನ್ಯಾಗ ಯಾರೂ ಬ್ಯಾಳಿ ಮಾತು ತೆಗೀತಿರಲಿಲ್ಲ.

ಇಲ್ಲಿ ಒದರಾಟ ಶುರು ಆದ ಮ್ಯಾಲ 2017ರ ಆಗಸ್ಟ್‌ನಾಗ ದಿಲ್ಲಿ ಏಕಾಏಕಿ ತೊಗರಿ ಆಮದಿಗೆ ವರ್ಷಕ್ಕ 2 ಲಕ್ಷ ಟನ್ ಅಂತ ಮಿತಿ ಹಾಕ್ತು, ಒಪ್ಪಂದದ ಮಾಲಿಗೆ ಮಾತ್ರ ವಿನಾಯಿತಿ, ಅದಕ್ಕಿಂತ ಹೆಚ್ಚಿಗೆ ಬೆಳದಿದ್ದಕ್ಕ ಇಲ್ಲ. ಆಗಸ್ಟ್ ಅಂದ್ರ ಏನ್ ತಿಳೀತಾ? ಮೊಜಾಂಬಿಕ್‌ನಾಗ ತೊಗರಿ ರಾಶಿ ಮಾಡೋ ಹೊತ್ತು ಅದು. ಅಲ್ಲಿ ಜಾಂಬೇಜಿಯಾ, ನಂಪುಲಾ ಕಡಿ ಸಣ್ಣ ಸಣ್ಣ ರೈತರು ಮೆಕ್ಕೆಜೋಳದ ನಡುವ ತೊಗರಿ ಹಾಕ್ತಾರ, ನಾವು ಅಕ್ಕಡಿ ಹಾಕ್ತೀವಲ್ಲ ಹಂಗ. ತಮ್ಮ ಊಟಕ್ಕ ಅಷ್ಟೇನ್ ಬಳಸಂಗಿಲ್ಲ, ಬೆಳೆಯೋದು ನಮ್ಮ ಸಾರಿಗೆ. ಭಾರತ ತೊಗೊಂತದ ಅಂತ ಅವ್ರ ಸರಕಾರ ಹೇಳ್ಯದ, ನಂಬಿ ಜಾಸ್ತಿ ಬಿತ್ಯಾರ, ರಾಶಿ ಆಗೋ ಹೊತ್ತಿಗೆ ಇಲ್ಲಿ ಗೇಟ್ ಹಾಕ್ಯಾರ. ರೇಟ್ ಪಾತಾಳಕ್ಕ ಹೋಯ್ತು, ಕೊಳ್ಳೋರೇ ಬರಲಿಲ್ಲ. ನಮ್ಮ ರೈತ ಫೆಬ್ರುವರಿದಾಗ ಅತ್ತ, ಅವ್ರ ರೈತ ಸೆಪ್ಟೆಂಬರ್‌ನಾಗ ಅತ್ತ, ಎರಡಕ್ಕೂ ಕಾರಣ ಒಂದೇ ಕಚೇರಿ. ಇದನ್ನ ಓದಿದ ಮ್ಯಾಲ ನನಗ ಆ ದೇಶಕ್ಕ ಬೈಯೋ ಮನಸ್ಸು ಹೋಯ್ತು ನೋಡ್ರಿ.

ಆಮ್ಯಾಲಿನದು ಎಲ್ಲಾರಿಗೂ ನೆನಪದ, ಲಗೂ ಹೇಳ್ತೀನಿ. 2021ರ ಮೇದಾಗ ಆಮದು ಮತ್ತ ಫ್ರೀ, ಮೊದಲು ಅಕ್ಟೋಬರ್ ಕೊನಿ ತನಕ ಅಂದ್ರು, ಏರಿಸ್ಕೋತ ಏರಿಸ್ಕೋತ 2026ರ ಮಾರ್ಚ್‌ತನಕ ಬಂತು. ಮೊಜಾಂಬಿಕ್ ಒಪ್ಪಂದನೂ ಐದು ವರ್ಷ ಮುಂದ ಹಾಕಿದ್ರು, ವರ್ಷಕ್ಕ 2 ಲಕ್ಷ ಟನ್, ಜೋಡಿಗೆ ಮಲಾವಿಯಿಂದ 50 ಸಾವಿರ ಟನ್, ಬರ್ಮಾದಿಂದ 1 ಲಕ್ಷ ಟನ್. 2022ರಾಗ ನಮ್ಮ ಕಡಿ ನೆಟೆ ರೋಗ ಬಂದು ನಿಂತ ಬೆಳಿ ನಿಂತಲ್ಲೇ ಒಣಗ್ತು, 2023ರಾಗ ಬರ. ಆ 2023ರ ಕೊನಿಗೇ ಮೊಜಾಂಬಿಕ್‌ನ ನಕಾಲಾ ಬಂದರಿನ್ಯಾಗ ರಫ್ತು ಮಾಡೋ ಎರಡು ಕಂಪನಿ ಜಗಳ ಕೋರ್ಟಿಗೆ ಹೋಗಿ ತೊಗರಿ ಕಂಟೇನರ್‌ಗಳು ಅಲ್ಲೇ ಸಿಕ್ಕೊಂಡ್ವು, ಮಾಲ್ ಬಿಡ್ರಿ ಅಂತ ನಮ್ಮ ಸರಕಾರ ಅವ್ರ ಬೆನ್ನು ಹತ್ತಿತು. ಗಂಜ್‌ನಾಗ ರೇಟ್ 10 ಸಾವಿರದ ಆಸುಪಾಸು ಓಡಾಡ್ತು, ಮಾರಲಿಕ್ಕೆ ನಮ್ಮ ಹತ್ರ ಕಾಳಿಲ್ಲ. ಮುಂದಿನ ವರ್ಷ ಬೆಳಿ ಬಂತು, ಹಡಗೂ ಬಂದ್ವು, 2025ರ ಜನವರಿದಾಗ ರೇಟ್ ಬೆಂಬಲ ಬೆಲೆ 7550ರ ಕೆಳಗ ಜಾರ್ತು, ರಾಜ್ಯ ಸರಕಾರ 450 ಸೇರಿಸಿ 8 ಸಾವಿರ ಮಾಡ್ತು. ಕಾಕಾ ಅಂದಿದ್ದು ಒಂದೇ ಮಾತು, "ತಮ್ಮಾ, ಬಿತ್ತೋದು ಮಳಿ ನೋಡಿ, ಮಾರೋದು ಹಡಗ ನೋಡಿ, ನಡುವ ನಮ್ದೇನದ?"

ಆಮದು ಬಂದ್ ಮಾಡ್ರಿ ಅಂತ ನಾ ಹೇಳಂಗಿಲ್ಲ, ಅದು ಭಾಷಣದ ಮಾತು. 2024-25ರಾಗ ದೇಶದಾಗ ಬೆಳದಿದ್ದು 35 ಲಕ್ಷ ಟನ್ ಆಸುಪಾಸು, ತಿನ್ನೋದು ಅದಕ್ಕಿಂತ ಜಾಸ್ತಿ, ಹೊರಗಿಂದ ಬರಲೇಬೇಕು, ಬರೋದಾದ್ರ ಬಡ ರೈತನ ಹೊಲದಿಂದ ಬರ್ಲಿ, ನನಗೇನ್ ಬ್ಯಾಸರಿಲ್ಲ. ನನ್ನ ತಕರಾರು ತಿಂಗಳದ್ದು. ಅಲ್ಲಿ ರಾಶಿ ಆಗಸ್ಟ್-ಸೆಪ್ಟೆಂಬರ್‌ಗೆ, ಹಡಗು ಇಲ್ಲಿ ಮುಟ್ಟೋದು ಅಕ್ಟೋಬರ್‌ನಿಂದ ಡಿಸೆಂಬರ್ ತನಕ, ನಮ್ಮ ರಾಶಿ ಡಿಸೆಂಬರ್ ಕೊನಿಗೆ ಶುರು. ಸರೀ ನಮ್ಮ ಚೀಲ ಗಂಜಿಗೆ ಬರೋ ಹೊತ್ತಿಗೆ ಮಿಲ್ಲಿನವ್ರ ಗೋದಾಮು ತುಂಬಿರ್ತದ, ಅವ್ರಿಗ್ಯಾಕ ಅವಸರ? ಒಪ್ಪಂದದ ಆ 2 ಲಕ್ಷ ಟನ್ ಮಾಲನ್ನ ಸರಕಾರ ತಾನೇ ಕೊಂಡು ಬಫರ್ ದಾಸ್ತಾನಿನ್ಯಾಗ ಇಟ್ಕೊಂಡು ಜೂನ್-ಜುಲೈದಾಗ, ನಮ್ಮ ಮಾಲೆಲ್ಲ ಮಾರಿ ಆದ ಮ್ಯಾಲ, ಹೊರಗ ಬಿಟ್ರ ಬೆಂಗಳೂರಿನವ್ರಿಗೆ ರೇಟೂ ಏರಂಗಿಲ್ಲ, ಆಳಂದ-ಚಿಂಚೋಳಿ ಕಡಿಯವ್ರಿಗೆ ಪೆಟ್ಟೂ ಬೀಳಂಗಿಲ್ಲ, ನಂಪುಲಾದ ರೈತಗ ಕೊಟ್ಟ ಮಾತೂ ಉಳೀತದ. ಬಿತ್ತೋ ಮೊದಲೇ, ಮೇ ತಿಂಗಳಾಗೇ, ಈ ವರ್ಷ ಎಷ್ಟು ಬರ್ತದ ಅಂತ ಹೇಳ್ಬೇಕು, ಬಿತ್ತಿ ಆದ ಮ್ಯಾಲ ನೋಟಿಫಿಕೇಶನ್ ಹೊರಡಿಸಿದ್ರ ಹೊಲ ಹರಗಿ ಮತ್ತ ಬಿತ್ತಲಿಕ್ಕೆ ಆಗ್ತದೇನು?

ಈ ಒಪ್ಪಂದದ ಲೆಕ್ಕ 2025-26ರ ತನಕದ್ದು, ಅದರ ಮ್ಯಾಲಿಂದು ಮಾತಾಡೋ ಟೇಬಲ್‌ಗೆ ವಿದೇಶಾಂಗದವ್ರು ಕುಂಡ್ರಲಿ, ವಾಣಿಜ್ಯದವ್ರು ಕುಂಡ್ರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ತೊಗರಿ ಅಭಿವೃದ್ಧಿ ಮಂಡಳಿ ಅಂತ ನಮ್ಮ ಕಲಬುರಗಿದಾಗೇ 2002ರಿಂದ ಒಂದದಲ್ಲ, ಅದರ ಕಡಿಯಿಂದ ಒಬ್ಬ ರೈತ, ಒಬ್ಬ ಮಿಲ್ಲಿನವ, ಇಬ್ರನ್ನ ಕರ್ಕೊಂಡು ಹೋಗಲಿಕ್ಕೆ ಎಷ್ಟು ಖರ್ಚಾಗ್ತದ? ಆ ಕಡಿಯಿಂದನೂ ಜಾಂಬೇಜಿಯಾದ ಇಬ್ಬರು ರೈತರು ಬರ್ಲಿ. ಭಾಷಾ ತಿಳೀಲಿಲ್ಲಂದ್ರೂ ರಾಶಿ ಯಾವ ತಿಂಗಳು, ಮಳಿ ಯಾವಾಗ, ಚೀಲಕ್ಕ ಎಷ್ಟು ಸಿಕ್ತು ಅಂತ ಕೈಸನ್ನಿಲೇ ಒಂದು ತಾಸಿನ್ಯಾಗ ಮುಗಸ್ತಾರ, ಅಧಿಕಾರಿಗಳು ಮೂರು ದಿನ ಹೋಟೆಲ್‌ನಾಗ ಕುಂತು ಮಾಡೋ ಕೆಲಸ ಅದು.